ಪದಕಕ್ಕೊಬ್ಬ ಸಾಕ್ಷಿ

ಸೈನಿಕರ ಶೌರ್ಯ ಪದಕಕ್ಕೆ ಯಾರು ಅರ್ಹರು ಅಂತ ಪರಿಶೀಲಿಸುವುದು ನನ್ನ ಕೆಲಸ. ನಿಯಮ ಸರಳವಾದದ್ದು. ಸಾಹಸವನ್ನು ಕಣ್ಣಾರೆ ಕಂಡ ಜೊತೆಗಾರನೊಬ್ಬ ನನ್ನೆದುರು ಕೂತು ಹೇಳಬೇಕು. ಮಗನ ಪದಕ ಕೇಳಿಕೊಂಡು ಬಂದ ತಾಯಿಯೊಬ್ಬರಿಗೂ ಅದನ್ನೇ ಹೇಳಿದೆ. ಅವರ ಮಗನಿದ್ದ ಹಿಮಗುಡ್ಡದ ಕಾವಲು ಠಾಣೆಯಲ್ಲಿ ಒಬ್ಬರೂ ಬದುಕಿ ಉಳಿದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೂ ಬಾಯಿಪಾಠ ಒಪ್ಪಿಸಿದ ಹಾಗೆ, "ಸಾಕ್ಷಿ ಬರಲಿ ಅಮ್ಮ, ನೋಡೋಣ" ಅಂದುಬಿಟ್ಟೆ.

ಮರುದಿನ ಮಧ್ಯಾಹ್ನ ಅವರು ಮತ್ತೆ ಬಂದರು, ಒಬ್ಬರೇ. ಹೊರಗೆ ಬೆಂಕಿಯಂಥ ಬಿಸಿಲು. ಅವರು ಕೂತ ಸ್ವಲ್ಪ ಹೊತ್ತಿಗೆ ಪಕ್ಕದ ಖಾಲಿ ಕುರ್ಚಿಯ ಮೆತ್ತೆ ಮೆಲ್ಲಗೆ ತಗ್ಗಿತು. ಒದ್ದೆ ಉಣ್ಣೆಯ ವಾಸನೆ ಬಂತು. ನನ್ನ ಲೋಟದ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತು. ನನ್ನ ನಾಲಿಗೆ ಅಭ್ಯಾಸಬಲದಿಂದ ಆ ಕುರ್ಚಿಯನ್ನು ಕೇಳಿತು: "ನೀವು ಕಣ್ಣಾರೆ ಕಂಡಿರಾ?"

ಕುರ್ಚಿ ಕಿರ್ರೆಂದಿತು. ನನಗೆ ಬೇರೇನೂ ಕೇಳಿಸಲಿಲ್ಲ. ಆ ತಾಯಿ ಮಾತ್ರ ಅತ್ತ ಕಿವಿಗೊಟ್ಟು ಬಹಳ ಹೊತ್ತು ಕೂತಿದ್ದರು. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು. ಕೊನೆಗೆ, "ಪದಕ ಬೇಡಪ್ಪ" ಅಂತ ಎದ್ದರು.

"ಅಮ್ಮ, ಇವರನ್ನೂ ಕರ್ಕೊಂಡು ಹೋಗಿ," ಅಂದೆ. ಖಾಲಿ ಕುರ್ಚಿಯತ್ತ ಕೈ ತೋರಿಸಿದೆ.

"ನಾನೇನು ಕರೆದಿದ್ನಾ? ಸಾಕ್ಷಿ ಬೇಕು ಅಂದೋನು ನೀನು."

ಅವರು ಹೊರಟುಹೋದರು. ಅದಾಗಿ ಮೂರು ಬೇಸಿಗೆ ಕಳೆದಿವೆ. ಬಂದವರು ಯಾರೂ ಆ ಕುರ್ಚಿಯಲ್ಲಿ ಕೂರದ ಹಾಗೆ ನಾನೇ ನೋಡಿಕೊಳ್ಳುತ್ತೇನೆ. ಆ ಮೆತ್ತೆ ಇನ್ನೂ ಮೇಲೆದ್ದಿಲ್ಲ.