ಫೋನಿನಲ್ಲಿ ಅಳುವ ಹೆಂಗಸು

"ಚಪ್ಪಲಿ ಬಿಚ್ಚು ತೃಷಾ. ಸುಳ್ಯಕ್ಕೆ ಹೋಗುದು ಬೇಡ," ಎಂದರು ಅಮ್ಮ.

ತೃಷಾ ಕಕ್ಕಾಬಿಕ್ಕಿಯಾದಳು. ಒಂಬತ್ತು ತಿಂಗಳ ತಮ್ಮನಿಗೆ ಇವತ್ತು ಸುಳ್ಯದ ಆಸ್ಪತ್ರೆಯಲ್ಲಿ ದಡಾರದ ಇಂಜೆಕ್ಷನ್. ಆಟೋ ಬೇರೆ ಬಂದು ನಿಂತಿದೆ.

"ಎಂತ ಆಯ್ತಮ್ಮ?"

"ಇದನ್ನು ಕೇಳು. ಈಗ ದೊಡ್ಡಮ್ಮ ಕಳಿಸಿದ್ದು."

ಅಮ್ಮನ ಫೋನಿನಲ್ಲಿ ಒಬ್ಬಳು ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ನಾನು ಮಂಡೆಕೋಲಿನಿಂದ ಮಾತಾಡುದು ಮಾರಾಯ್ರೆ. ಇಂಜೆಕ್ಷನ್ ಕೊಟ್ಟದ್ದೇ ಕೊಟ್ಟದ್ದು, ನನ್ನ ಮಗುವಿಗೆ ಕೈ ಎತ್ತಲಿಕ್ಕೇ ಆಗುದಿಲ್ಲ."

ತೃಷಾಳಿಗೆ ಆ ಸ್ವರ ಕೂಡಲೇ ಗೊತ್ತಾಯಿತು. ಅದು ಮಂಡೆಕೋಲಿನವಳಲ್ಲ, ಹೆಂಗಸೇ ಅಲ್ಲ. ಐದನೇ ಕ್ಲಾಸಿನ ತೃಷಾ!

ಶಾಲೆಯಲ್ಲಿ ಮಿಮಿಕ್ರಿ ಎಂದರೆ ಇವಳೇ ತಾನೇ? ಶಾಲೆಗೆ ಇಂಜೆಕ್ಷನ್‌ನವರು ಬರುತ್ತಾರೆಂದು ಗೊತ್ತಾದ ದಿನ, ಗೆಳತಿ ತೃಪ್ತಿಯನ್ನು ನಗಿಸಲು ಹೀಗೆ ಅತ್ತು ರೆಕಾರ್ಡ್ ಮಾಡಿ ಅಮ್ಮನ ಫೋನಿನಿಂದಲೇ ಕಳಿಸಿ, ಡಿಲೀಟ್ ಮಾಡಿದ್ದಳು. ತೃಪ್ತಿ ಯಾರಿಗೆ ಕಳಿಸಿದಳೋ, ಅವರು ಯಾರಿಗೆ ಕಳಿಸಿದರೋ. ಊರೆಲ್ಲ ಸುತ್ತಿ ಈಗ ಮನೆಗೇ ಬಂದಿದೆ.

ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ತಮ್ಮನಿಗೆ ಇಂಜೆಕ್ಷನ್ ಇಲ್ಲ.

"ಅಮ್ಮ, ಅದು ನಾನು."

"ಸುಮ್ಮನಿರು."

ತೃಷಾ ಅದೇ ಸ್ವರದಲ್ಲಿ ಅತ್ತು ತೋರಿಸಿದಳು. ಅಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಹತ್ತು ಆಟೋಗೆ," ಎಂದರು ಕೊನೆಗೆ. "ಡಾಕ್ಟ್ರ ಹತ್ತಿರವೇ ಕೇಳುವ."

ಆಸ್ಪತ್ರೆಯಲ್ಲಿ ಅಮ್ಮ ಡಾಕ್ಟರನ್ನು ಸುಲಭಕ್ಕೆ ಬಿಡಲಿಲ್ಲ. "ಕೈ ಸೋತು ಹೋಗ್ತದಾ? ಜ್ವರ ಬರ್ತದಾ?"

"ಕೈಯದ್ದು ಬರೀ ಸುಳ್ಳು. ಜ್ವರ ಬರಬಹುದು," ಎಂದರು ಡಾಕ್ಟರ್.

ತೃಷಾಳಿಗೆ ಮತ್ತೊಂದು ಶಾಕ್. ಡಾಕ್ಟರ್ ಎಲ್ಲದಕ್ಕೂ ಇಲ್ಲ ಎನ್ನುತ್ತಾರೆಂದೇ ಅವಳು ಅಂದುಕೊಂಡಿದ್ದಳು.

"ವಾರ ಕಳೆದು ಕೆಲವು ಮಕ್ಕಳಿಗೆ ಬರುದುಂಟು. ಒಂದೆರಡು ದಿನದಲ್ಲಿ ಬಿಡ್ತದೆ. ದಡಾರವೇ ಬಂದರೆ ನ್ಯುಮೋನಿಯಾ ಆಗಬಹುದು. ಕೆಲವು ಮಕ್ಕಳು ಉಳಿಯುದೇ ಇಲ್ಲ."

ಅಮ್ಮ ಮಗುವಿನ ಅಂಗಿಯ ತೋಳು ಮೇಲೆ ಸರಿಸಿದರು. "ಕೊಡಿ ಡಾಕ್ಟ್ರೆ."

ತಮ್ಮ ಕಿಟಾರನೆ ಕಿರುಚಿದ. ನೋಡಲಾಗದೆ ತೃಷಾ ಹೊರಗೆ ಬಂದಳು. ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ಗೇಟಿನ ಕಡೆ ಹೊರಟಿದ್ದರು. ಅವರ ಮುಖದಲ್ಲಿ ಗಾಬರಿ. ಕೈಯಲ್ಲಿದ್ದ ಫೋನಿನಿಂದ ಅದೇ ಅಳು ಕೇಳುತ್ತಿತ್ತು.

ತಮ್ಮನೊಬ್ಬ ಬಚಾವಾದರೆ ಮುಗಿಯಿತು ಎಂದುಕೊಂಡಿದ್ದಳು ತೃಷಾ. ಇನ್ನು ಎಷ್ಟು ಫೋನುಗಳಲ್ಲಿ ಅವಳು ಅಳುತ್ತಿದ್ದಾಳೋ.

ಓಡಿಹೋಗಿ ಅವರ ಸೆರಗು ಹಿಡಿದಳು.

"ನಿಲ್ಲಿ ಆಂಟಿ. ಅದರಲ್ಲಿ ಅಳುದು ನಾನು."