ಗ್ರೂಪಿಗೆ ಬಂದ ಮೀನು

ಬದರಿನಾಥ ರಸ್ತೆಯಂಚಿನ ಹುಲ್ಲಿನ ಮೇಲೆ ಬಿದ್ದಿದ್ದರು. ಒಂದು ಕಾಲಿನ ಶೂ ಎಲ್ಲೋ ಹಾರಿಹೋಗಿತ್ತು.

ದಿನಾ ವಾಕಿಂಗಿಗೆ ಜೊತೆಯಾಗುವ ಮನುಷ್ಯ ಇನ್ನೂ ಬರಲಿಲ್ಲವೆಂದು ಹುಡುಕುತ್ತ ಬಂದ ಡಾಕ್ಟರ್ ಹಂಸಾ ಮೊದಲು ನಾಡಿ ಹಿಡಿದರು. ಇತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರು. ಆಮೇಲೆ ಪ್ಲೇನೋ ಊರಿನ ಆ ಖಾಲಿ ರಸ್ತೆಗೆಲ್ಲ ಕೇಳುವಂತೆ ಬಾಯಿಗೆ ಬಂದಂತೆ ಬೈದರು.

ಕಾರಿನಲ್ಲಿ ಗುದ್ದಿದವನು ನಿಂತಿರಲಿಲ್ಲ. ಹಂಸಾರ ಮೈ ಉರಿಸಿದ್ದು ಅದೇ. ಊರವರ ಹೃದಯಗಳನ್ನೆಲ್ಲ ರಿಪೇರಿ ಮಾಡಿ ನಿವೃತ್ತರಾದ ಡಾಕ್ಟರು ಬದರಿನಾಥ. ಇವರನ್ನು ಹೀಗೆ ಬಿಸಾಡಿ ಹೋಗಲು ಅವನಿಗೆ ಮನಸ್ಸಾದರೂ ಹೇಗೆ ಬಂತು?

ಪೊಲೀಸರಿಗೆ ಹುಲ್ಲಿನಲ್ಲಿ ಒಂದು ಚೂರು ಸಿಕ್ಕಿತು. ಕಾರಿನ ಸೈಡ್ ಮಿರರ್ ಮೇಲಿನ ನೀಲಿ ಕವಚದ್ದು. ಆ ಬಡಾವಣೆಯಲ್ಲಿ ಅಂಥ ನೀಲಿ ಕಾರು ಎರಡೇ. ಒಂದು ಶ್ರೀನಾಥನದು. ಅವನು ಊರಲ್ಲೇ ಇರಲಿಲ್ಲವಂತೆ. ನಸುಕಿನಲ್ಲೇ ಎದ್ದು, ಮೂರು ಗಂಟೆ ದಾರಿಯ ಕ್ಯಾಡೋ ಕೆರೆಗೆ ಮೀನು ಹಿಡಿಯಲು ಹೋಗಿದ್ದನಂತೆ. ಬೆಳಿಗ್ಗೆಯೇ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಮೀನಿನ ಫೋಟೋ ಹಾಕಿದ್ದ.

ಇನ್ನೊಂದು ಕಾರು ಪ್ರಗತಿಯದು. ಅದರ ಮಿರರ್ ಒಡೆದಿತ್ತು.

* * *

“ಗರಾಜ್ ಬಾಗಿಲಿಗೆ ತಾಗಿತ್ತು ಆಂಟಿ, ಹೋದ ವಾರ.” ಹಂಸಾರ ಎದುರು ಕೂತಿದ್ದ ಪ್ರಗತಿಯ ಕಣ್ಣು ಊದಿಕೊಂಡಿತ್ತು. “ಚೂರನ್ನ ಕಸಕ್ಕೆ ಹಾಕಿಬಿಟ್ಟೆ. ಯಾರೂ ನಂಬ್ತಿಲ್ಲ.”

“ಅವತ್ತು ಸಂಪತ್ ಓಡಿಸಿದ್ನಾ? ಗಂಡನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದೀಯಾ?”

“ಅವ್ರು ಆಸ್ಟಿನ್‌ನಲ್ಲಿದ್ರು. ಆಫೀಸ್ ಟ್ರಿಪ್. ಬೇಕಾದ್ರೆ ಯಾರನ್ನಾದ್ರೂ ಕೇಳಿ.”

ಹಂಸಾ ಕೇಳಿಯೇ ಕೇಳಿದರು. ಸಂಪತ್ ಅಲ್ಲೇ ಇದ್ದದ್ದು ನಿಜ. ಕಾರನ್ನು ಪೊಲೀಸರು ಒಯ್ದಾಗಿತ್ತು. ಇನ್ನು ಕೇಸು ಬೀಳುವುದೊಂದೇ ಬಾಕಿ. ಬಿದ್ದರೆ ಜೈಲು, ವೀಸಾಕ್ಕೂ ಕುತ್ತು. ಇಷ್ಟರಲ್ಲಿ ಗ್ರೂಪಿನಲ್ಲಿ ಶ್ರೀನಾಥ ಬರೆದಿದ್ದ: “ಲೈಸೆನ್ಸ್ ಬಂದು ತಿಂಗಳಾಗಿಲ್ಲ. ಇಂಥವರ ಕೈಗೆ ಸ್ಟಿಯರಿಂಗ್ ಕೊಟ್ಟರೆ ಇನ್ನೇನಾಗುತ್ತೆ?” ಅದರ ಕೆಳಗೆ ಸಾಲುಸಾಲು ಹೆಬ್ಬೆರಳು. ಪ್ರಗತಿಯ ಮನೆಯಲ್ಲಿ ವಾರವಾರ ಊಟ ಮಾಡಿದವರದೂ ಇದ್ದವು.

ಯಾರ್‍ಯಾರು ಒತ್ತಿದ್ದಾರೆಂದು ನೋಡುತ್ತ ಹಂಸಾ ಸಿಟ್ಟಿನಲ್ಲೇ ಮೇಲೆ ಮೇಲೆ ಹೋದರು. ಅಪಘಾತದ ದಿನ, ಭಾನುವಾರ ಹಾಕಿದ್ದ ಫೋಟೋ ಬಂತು. ಬಾತುಕೋಳಿ ಮೂತಿಯ ಉದ್ದನೆಯ ಮೀನು, ಹಿಂದೆ ಹಲ್ಲು ಕಿರಿಯುತ್ತಿರುವ ಶ್ರೀನಾಥ. ಹಂಸಾರ ಬೆರಳು ತಂತಾನೇ ಮೀನಿನ ಕಿವಿರಿನ ಮೇಲೆ ಚಿತ್ರವನ್ನು ಹಿಗ್ಗಿಸಿತು. ಬಹಳ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ ಮೀನುಗಳ ಪುಸ್ತಕ ತೆಗೆದರು. ಕೊನೆಗೆ ತನಿಖೆ ಮಾಡುತ್ತಿದ್ದ ಡಿಟೆಕ್ಟಿವ್ ರಾಮಿರೆಜ್‌ಗೆ ಫೋನ್ ಮಾಡಿದರು.

* * *

ಬದರಿನಾಥರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಆಸ್ಪತ್ರೆಯ ಲಾಂಜಿನಲ್ಲಿ ಅವರ ಹೆಂಡತಿ ನಳಿನಿ ಕುಳಿತಿದ್ದರು. ಶ್ರೀನಾಥ ಹೆಂಡತಿ ಪದ್ಮಿನಿಯೊಡನೆ ಹಣ್ಣಿನ ಬುಟ್ಟಿ ತಂದು ಸಮಾಧಾನ ಹೇಳುತ್ತಿದ್ದ. ಹಂಸಾ ಪ್ರಗತಿಯ ಕೈಹಿಡಿದುಕೊಂಡೇ ಒಳಗೆ ಬಂದರು. ಹಿಂದೆ ರಾಮಿರೆಜ್. ಪ್ರಗತಿಯನ್ನು ಕಂಡು ಶ್ರೀನಾಥ ಮುಖ ತಿರುಗಿಸಿದ.

“ಶ್ರೀನಾಥ್, ಭಾನುವಾರ ಹಿಡಿದ್ಯಲ್ಲ, ಅದು ಯಾವ ಮೀನು?”

“ಚೈನ್ ಪಿಕರೆಲ್ ಆಂಟಿ. ಕ್ಯಾಡೋದಲ್ಲಿ ಬೇಕಾದಷ್ಟಿವೆ.”

“ಫೋಟೋ ಅವತ್ತಿಂದೇನಾ?”

“ಮತ್ತೆ? ಹಿಡಿದೆ, ಫೋಟೋ ತೆಗೆಸ್ಕೊಂಡೆ, ಹುಷಾರಾಗಿ ನೀರಿಗೆ ಬಿಟ್ಟೆ. ನಾವು ತಿನ್ನಲ್ವಲ್ಲ.”

ಹಂಸಾ ಪುಸ್ತಕ ಬಿಚ್ಚಿ ಪಕ್ಕದಲ್ಲಿ ಫೋನ್ ಇಟ್ಟರು. “ಇಲ್ನೋಡು. ಪಿಕರೆಲ್ ಮೈ ಮೇಲೆ ಸರಪಳಿ ಥರ ಕಪ್ಪು ಗೆರೆ. ಕಣ್ಣಿನ ಕೆಳಗೂ ಕಪ್ಪು ಪಟ್ಟೆ. ಕಿವಿರಿನ ಮುಚ್ಚಳದ ತುಂಬ ಹುರುಪೆ. ಈಗ ನಿನ್ನ ಮೀನು ನೋಡು. ಕಡುಹಸಿರು ಮೈ, ಮೇಲೆ ಅವರೆಕಾಳು ಚೆಲ್ಲಿದ ಹಾಗೆ ತಿಳಿಬಣ್ಣದ ಚುಕ್ಕೆ. ಮುಚ್ಚಳದ ಮೇಲರ್ಧಕ್ಕೆ ಮಾತ್ರ ಹುರುಪೆ, ಕೆಳಗೆ ಬೋಳು. ಇದು ನಾರ್ದರ್ನ್ ಪೈಕ್. ಚಳಿ ಸೀಮೆಯ ಮೀನು. ಕ್ಯಾಡೋದಲ್ಲಿಲ್ಲ.”

ಶ್ರೀನಾಥ ನಗಲು ನೋಡಿದ. “ಮೀನೆಲ್ಲಾ ಒಂದೇ ಥರ ಕಾಣುತ್ತೆ ಬಿಡಿ ಆಂಟಿ.”

“ನಮ್ಮ ಗ್ರೂಪಿನವ್ರಿಗೆ ಕಾಣುತ್ತೆ. ಬದನೆಕಾಯಲ್ಲಿ ಹತ್ತು ಜಾತಿ ಗೊತ್ತು, ಮೀನು ಅಂದ್ರೆ ಮೀನು ಅಷ್ಟೇ. ಅದನ್ನೇ ನೀನು ನೆಚ್ಚಿಕೊಂಡೆ. ನಾನು ಹೊನ್ನಾವರದವಳು. ಮೀನು ಕಂಡ್ರೆ ಮೊದಲು ಕಿವಿರು ನೋಡೋದು ನಮ್ಮ ಅಭ್ಯಾಸ.”

ಪದ್ಮಿನಿ ಫೋನಿನತ್ತ ಬಾಗಿದ್ದಳು. “ಶ್ರೀ, ಇದು ಮಿನ್ನೆಸೋಟಾದ್ದಲ್ವಾ? ನಾನೇ ಅಲ್ವಾ ಫೋಟೋ ತೆಗೆದಿದ್ದು?”

ಶ್ರೀನಾಥ ಫೋನನ್ನು ಅವಳ ಕಡೆಯಿಂದ ಸರಿಸಿದ.

“ಕೆರೆಗೆ ನಿಜವಾಗಿ ಹೋದವನಿಗೆ ಹಳೇ ಮೀನು ಯಾಕೆ ಬೇಕಿತ್ತು?” ಹಂಸಾರ ದನಿ ಏರಿತು. “ನಿಮ್ಮ ಮನೆ ಮುಂದೆ ನಿಂತಿರೋ ಬಾಡಿಗೆ ಕಾರು ನೋಡ್ದೆ, ಅದ್ರಲ್ಲಿ ಯಾಕೆ ವಾಪಸ್ ಬಂದೆ? ನಿನ್ನ ಕಾರೆಲ್ಲಿ?”

“ಕೆಟ್ಟುಹೋಯ್ತು. ರಿಪೇರಿಗೆ ಬಿಟ್ಟಿದ್ದೀನಿ. ಸೈಪ್ರೆಸ್‌ನಲ್ಲಿ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಹೊಳೆಯಿತು. ಕ್ಯಾಡೋ ಪ್ಲೇನೋದ ಪೂರ್ವಕ್ಕಿದೆ. ಸೈಪ್ರೆಸ್ ದಕ್ಷಿಣಕ್ಕೆ, ಹೂಸ್ಟನ್ ಪಕ್ಕ. ರಾಮಿರೆಜ್‌ಗೆ ಕನ್ನಡ ಬಾರದು, ಆದರೆ ಊರುಗಳ ಹೆಸರು ಅರ್ಥವಾಗಿತ್ತು. ಗರಾಜಿನ ಹೆಸರು ಕೇಳಿ ಫೋನ್ ಹಚ್ಚಿದ. ಕಾರು ಅಲ್ಲೇ ಇತ್ತು, ಬಲಗಡೆ ಮಿರರ್ ಕವಚ ಚೂರಾಗಿತ್ತು. ಬಂಪರ್ ಬದಲಿಸುವ ಕೆಲಸ ನಡೆದಿತ್ತು.

ಶ್ರೀನಾಥ ಕುರ್ಚಿಯಲ್ಲಿ ಕೂತು ಎಲ್ಲ ಒಪ್ಪಿಕೊಂಡ. ಹೊರಟದ್ದು ನಸುಕಿನಲ್ಲಲ್ಲ, ಬೆಳಕಾದ ಮೇಲೆ. ತಿರುವಿನಲ್ಲಿ ಫೋನ್ ನೋಡುತ್ತಿದ್ದನಂತೆ. ಗುದ್ದಿದ ಮೇಲೆ ಕೆರೆಯನ್ನು ಮರೆತು, ಯಾರೂ ತನ್ನ ಗುರುತು ಹಿಡಿಯದ ಸೈಪ್ರೆಸ್‌ಗೆ ನೇರ ಓಡಿದ್ದ. ದಾರಿಯಲ್ಲೇ ಹಳೆಯ ಫೋಟೋ ಗ್ರೂಪಿಗೆ ಹಾಕಿದ್ದ.

“ಹೆದರಿಬಿಟ್ಟೆ ಆಂಟಿ.”

“ಮೀನನ್ನ ಹುಷಾರಾಗಿ ನೀರಿಗೆ ಬಿಡ್ತೀಯ. ಬದರೀನ ರಸ್ತೇಲಿ ಬಿಟ್ಟೆ. ಸಾಲದು ಅಂತ ಈ ಹುಡುಗೀನ ಜೈಲಿಗೆ ಕಳಿಸೋಕೆ ನೋಡ್ದೆ. ಥೂ, ನಿನ್ನ ಜನ್ಮಕ್ಕಿಷ್ಟು!”

ನಳಿನಿ ಎದ್ದು ಬಂದು ಹಣ್ಣಿನ ಬುಟ್ಟಿಯನ್ನು ಎತ್ತಿ ಅವನ ಮಡಿಲಲ್ಲಿಟ್ಟರು.

* * *

ಕಾರಿಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪ್ರಗತಿಯ ಫೋನ್ ಟಣ್ ಟಣ್ ಎನ್ನುತ್ತಲೇ ಇತ್ತು. ಸಾರಿ ಪ್ರಗತಿ. ಸೋ ಸಾರಿ. ಸಾಲುಸಾಲು ಕೈಮುಗಿದ ಗೊಂಬೆಗಳು.

ಹಂಸಾ ಗ್ರೂಪಿಗೆ ಒಂದೇ ಸಾಲು ಬರೆದರು: “ಹೆಬ್ಬೆರಳು ಒತ್ತಿದವರೆಲ್ಲ ಅವಳ ಮನೆ ಬಾಗಿಲಿಗೆ ಬಂದು ಕ್ಷಮೆ ಕೇಳಿ.”

ಪ್ರಗತಿ ಅದನ್ನು ಓದಿದಳು. ಕಣ್ಣೊರೆಸಿಕೊಂಡಳು.

“ಬಂದ್ರೆ ನಾನು ಬಾಗಿಲು ತೆಗೆಯಲ್ಲ ಆಂಟಿ.”

“ತೆಗೀಬೇಡ,” ಎಂದು ಹಂಸಾ ಕಾರು ಸ್ಟಾರ್ಟ್ ಮಾಡಿದರು.