ಬುಟ್ಟಿ ಕಟ್ಟುವ ಕೈ

"ಇನ್ನೊಂದು ಜೋಡಿ! ಇನ್ನೊಂದೇ ಒಂದು ಜೋಡಿ ಬೇಕು ಕಣ್ರೋ!"

ಪಿಟೀಲು ಹಿಡಿದ ಐಸಾಕ್ ತಾತ ಕೊಟ್ಟಿಗೆ ಹಾರಿಹೋಗುವ ಹಾಗೆ ಕೂಗಿದರು. ಆ ಕಂಬರ್ಲೆಂಡ್ ಬೆಟ್ಟದ ಸೀಮೆಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದಿನ ಅಕ್ಕಪಕ್ಕದವರೆಲ್ಲ ಒಂದೇ ಮನೆಗೆ ಬಂದು ಕೈ ಜೋಡಿಸುತ್ತಾರೆ. ಕೆಲಸ ಮುಗಿದ ಮೇಲೆ ಊಟ, ಬಿಯರು, ಆಮೇಲೆ ಕಂಬರ್ಲೆಂಡ್ ಚೌಕದ ಕುಣಿತ. ಚೌಕಕ್ಕೆ ನಾಲ್ಕು ಜೋಡಿ ಬೇಕು. ನಿಂತಿದ್ದದ್ದು ಮೂರೇ.

"ಥಿರ್ಜಾ, ಬಾರೇ! ಲ್ಯಾಂಟಿ, ಆ ಬಾಗಿಲಿಗೇನು ಅಂಟಿಕೊಂಡಿದ್ದೀಯೋ?"

ಥಿರ್ಜಾಳ ಎದೆ ಧಸಕ್ಕೆಂದಿತು. ಒಂದು ವರ್ಷದ ಮೇಲೆ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು!

ಹೋದ ವರ್ಷ ಇದೇ ನೆಲದ ಮೇಲೆ, ಇದೇ ಕುಣಿತದ ನಡುವೆ ಅವನ ಕೈ ಬಿಟ್ಟಿತ್ತು. ಅವಳು ಬಿದ್ದು ಪಾದದ ಮೂಳೆ ಮುರಿದಿತ್ತು. ಹುಡುಗಾಟಕ್ಕೆ ಬಿಟ್ಟ ಎಂದರು ಊರವರು. ಅವನು ಅದನ್ನು ಅಲ್ಲಗಳೆಯಲಿಲ್ಲ. ಕಾಲು ಹೇಗಿದೆ ಎಂದು ನೋಡಲು ಒಂದು ಸಲವೂ ಬರಲಿಲ್ಲ. ಮದುವೆಯ ಮಾತು ತುಟಿಯವರೆಗೆ ಬಂದಿದ್ದ ಹುಡುಗ!

ನಾಳೆ ಬೆಳಗಿನ ಬಸ್ಸಿಗೆ ಅವನು ಕಾರ್ಲೈಲ್ ಪಟ್ಟಣಕ್ಕೆ, ಸೋದರಮಾವನ ಅಂಗಡಿಗೆ ಹೊರಟಿದ್ದಾನೆ. ಮತ್ತೆ ಬರುವುದಿಲ್ಲವಂತೆ.

'ಹೋಗಲಿ! ನನಗೇನು?' ಎಂದುಕೊಂಡಳು. ಆದರೂ ಕಣ್ಣು ಮತ್ತೆ ಬಾಗಿಲ ಕಡೆಗೇ ಹೋಯಿತು.

"ನಾನು ಕುಣಿಯಲ್ಲ ತಾತ," ಎಂದ ಲ್ಯಾಂಟಿ.

ಅವಳಿಗೆ ರೇಗಿಹೋಯಿತು. "ಬೆಳಿಗ್ಗೆಯಿಂದ ನಮ್ಮನೆ ಕತ್ತರೀನೂ ಮುಟ್ಟಲಿಲ್ಲ, ಬರೀ ಉಣ್ಣೆ ಸುತ್ತುತಾ ಕೂತಿದ್ರು ದೊರೆಗಳು. ಈಗ ನಮ್ಮ ಕುಣಿತಾನೂ ಬೇಡವಾಯ್ತಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಲ್ಯಾಂಟಿಯ ಕಿವಿ ಕೆಂಪಾಯಿತು. ಅವನು ಬಂದು ಅವಳ ಎಡಗಡೆ ನಿಂತ.

ಅವರ ಎದುರಿಗೆ ಅವಳ ಅಣ್ಣ ವಿಲ್ಫ್, ಅತ್ತಿಗೆ ಡೋರಾ. ಪಿಟೀಲು ಶುರುವಾಯಿತು. ಎದುರುಬದುರಿನ ಜೋಡಿಗಳು ದಡದಡನೆ ಆಚೆಗೆ ಹಾರಿ, ಮತ್ತೆ ಈಚೆಗೆ ಬಂದವು. ಲ್ಯಾಂಟಿಯ ಬಲಗೈ ಅವಳ ಬೆನ್ನ ಮೇಲಿತ್ತು. ಆದರೆ ಅದು ತಾಗಿಯೂ ತಾಗದಂತಿತ್ತು.

'ಮುಟ್ಟೋಕೂ ಅಸಹ್ಯವಾ ನಾನು...?'

"ಬಲಗೈ ಚಕ್ರ!" ತಾತ ಕೂಗಿದರು.

ನಾಲ್ವರೂ ಬಲಗೈ ನಡುವಿಗೆ ಚಾಚಿ, ಮುಂದಿನವರ ಮುಂಗೈ ಹಿಡಿದು ತಿರುಗತೊಡಗಿದರು. ಥಿರ್ಜಾಳ ಮುಂದೆ ಲ್ಯಾಂಟಿ, ಅವನ ಮುಂದೆ ಡೋರಾ. ಅವನ ಕೈ ಈಗ ಥಿರ್ಜಾಳ ಕಣ್ಣೆದುರಿಗೇ ಇತ್ತು.

ಅವಳು ನೋಡಿದಳು.

ಡೋರಾಳ ಮುಂಗೈಯನ್ನು ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಮಾತ್ರ ಹಿಡಿದಿದ್ದವು. ಉಂಗುರದ ಬೆರಳು, ಕಿರುಬೆರಳು ಮಡಚದೆ ಕಡ್ಡಿಯಂತೆ ಚಾಚಿಕೊಂಡಿದ್ದವು! ಬುಡದಲ್ಲಿ ಹಳೆಯ ಗಾಯದ ಗುರುತು...

ಎಡಗೈ ಚಕ್ರವೂ ಮುಗಿದು ಅವರು ತಮ್ಮ ಜಾಗಕ್ಕೆ ಬಂದರು. ಪಕ್ಕದ ಜೋಡಿಗಳ ಸರದಿ ಶುರುವಾಯಿತು.

"ನಿನ್ನ ಬೆರಳಿಗೇನಾಗಿದೆ?" ಅವಳು ಪಿಸುಗುಟ್ಟಿದಳು.

"ಏನಿಲ್ಲ."

"ಲ್ಯಾಂಟಿ! ನಿಜ ಹೇಳು. ಯಾವಾಗ ಆಯ್ತು?"

ಅವನು ನೆಲ ನೋಡಿದ. "ಹೋದ ವರ್ಷ. ಕುಣಿತದ ದಿನಾನೇ, ಬೆಳಿಗ್ಗೆ. ಟಗರು ಕೈನ ಗೋಡೆಗೆ ಸೇರಿಸಿ ಗುದ್ದಿಬಿಡ್ತು. ಯಾರಿಗೂ ತೋರಿಸಲಿಲ್ಲ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಬೇರೆ ಯಾರ ಜೊತೆಗೋ ನಿಲ್ಲಿಸ್ತಿದ್ರು... ಅವತ್ತು ನಿನ್ನ ಕೇಳಬೇಕು ಅಂತಿದ್ದೆ ಕಣೇ. ಹಿಡಿತ ಇಲ್ಲ ಅಂತ ಗೊತ್ತಿದ್ದೂ ನಿನ್ನ ಎತ್ತಿದೆ. ನನ್ನ ಆಸೇನೇ ನಿನ್ನ ಕಾಲು ಮುರೀತು. ಯಾವ ಮುಖ ಇಟ್ಕೊಂಡು ಬರಲಿ?"

ಥಿರ್ಜಾಳ ಕಣ್ಣು ತುಂಬಿತು. ದೊರೆಗಳು ಕತ್ತರಿ ಮುಟ್ಟಲಿಲ್ಲ ಎಂದು ಊರೆದುರಿಗೆ ಆಡಿಕೊಂಡಿದ್ದಳಲ್ಲ! ಈ ಕೈಗೆ ಕತ್ತರಿ ಹಿಡಿಯಲು ಎಲ್ಲಿತ್ತು ಶಕ್ತಿ?

"ಮುಂದೆ ಬುಟ್ಟಿ," ಎಂದ ಅವನು, ಮುಖ ಬಿಳಿಚಿಕೊಂಡು. "ನಾನು ಹೊರಗೆ ಹೋಗ್ತೀನಿ. ಇನ್ನೊಂದು ಸಲ ನಿನ್ನ ಬೀಳಿಸಲಾರೆ."

ಬುಟ್ಟಿ ಎಂದರೆ ಆ ಕುಣಿತದ ಜೀವ. ಗಂಡಸರಿಬ್ಬರು ಹೆಂಗಸರ ಬೆನ್ನ ಹಿಂದೆ ಕೈಗೆ ಕೈ ಬಿಗಿದು ಗಿರಗಿರನೆ ತಿರುಗಿದರೆ, ಅವರ ಹೆಗಲು ಹಿಡಿದ ಹೆಂಗಸರ ಕಾಲು ನೆಲ ಬಿಟ್ಟು ಹಾರುತ್ತದೆ. ಲ್ಯಾಂಟಿಯ ಬಲಗೈ ಬರುವುದು ಥಿರ್ಜಾಳ ಬೆನ್ನ ಹಿಂದೆಯೇ.

"ಚೌಕ ಮುರಿದು ಹೋದೋರು ಈ ಊರಲ್ಲಿ ಯಾರೂ ಇಲ್ಲ. ನಿಂತ್ಕೋ!"

"ಹುಚ್ಚಾ ನಿಂಗೆ? ಇನ್ನೊಂದು ಕಾಲೂ ಮುರ್ಕೋತೀಯಾ?"

"ಬುಟ್ಟೀ!" ತಾತ ಕೂಗಿದರು.

ಅವಳು ಅವನ ತೋಳು ಹಿಡಿದು ನಡುವಿಗೆ ಎಳೆದೇಬಿಟ್ಟಳು. "ಅಣ್ಣಾ! ಅವನ ಬೆರಳು ಹಿಡೀಬೇಡ, ಮುಂಗೈ ಹಿಡಿ! ಗಟ್ಟಿಯಾಗಿ!"

ವಿಲ್ಫ್ ತಂಗಿಯ ಮುಖ ನೋಡಿದ. ಆಮೇಲೆ ಅವಳ ಬೆನ್ನ ಹಿಂದೆ ಕೈಗೆ ಸಿಕ್ಕ ಆ ಮರಗಟ್ಟಿದ ಬೆರಳುಗಳು... ವರ್ಷವಿಡೀ ಲ್ಯಾಂಟಿಯನ್ನು ಬೈದುಕೊಂಡು ತಿರುಗಿದ್ದ ಅಣ್ಣ, ಅವನ ಮುಂಗೈಯನ್ನು ಉಡದ ಪಟ್ಟಿನಲ್ಲಿ ಹಿಡಿದ.

ಬುಟ್ಟಿ ತಿರುಗಿತು. ಥಿರ್ಜಾಳ ಕಾಲು ನೆಲ ಬಿಟ್ಟಿತು. ಕಳೆದ ವರ್ಷ ಬಿದ್ದದ್ದು ಸರಿಯಾಗಿ ಇಲ್ಲೇ! ಅವಳು ಕಣ್ಣು ಮುಚ್ಚಲು ಹೋದಳು. ಲ್ಯಾಂಟಿ ಹಲ್ಲು ಕಚ್ಚಿ ಅವಳನ್ನೇ ನೋಡುತ್ತಿದ್ದ.

"ಕಣ್ಣು ಮುಚ್ಚಬೇಡ. ನನ್ನನ್ನೇ ನೋಡು," ಎಂದ.

ಅವಳು ನೋಡಿದಳು. ಕೊಟ್ಟಿಗೆ, ದೀಪ, ಜನ ಎಲ್ಲ ಸುತ್ತಿದವು. ಬೆನ್ನ ಹಿಂದಿನ ಕಟ್ಟು ಮಾತ್ರ ಸಡಿಲವಾಗಲಿಲ್ಲ.

ಅವಳ ಕಾಲು ಮೆಲ್ಲನೆ ನೆಲ ಮುಟ್ಟಿತು. ಎರಡೂ ಕಾಲು.

ಪಿಟೀಲು ನಿಂತ ಮೇಲೂ ಅವಳು ಅವನ ಹೆಗಲು ಬಿಡಲಿಲ್ಲ. ಡೋರಾ ಕಿಸಕ್ಕೆಂದು ನಕ್ಕು ಗಂಡನನ್ನು ಅತ್ತ ಎಳೆದುಕೊಂಡು ಹೋದಳು.

"ಕತ್ತರಿ ಹಿಡಿಯೋಕಾಗದ ಕುರುಬ ನಾನು ಥಿರ್ಜಾ," ಎಂದ ಲ್ಯಾಂಟಿ ತಗ್ಗಿದ ದನಿಯಲ್ಲಿ. "ಇಲ್ಲಿದ್ದು ಏನು ಮಾಡಲಿ?"

"ಕತ್ತರಿ ನಾನು ಹಿಡೀತೀನಿ. ಕುರಿ ನೀನು ಹಿಡ್ಕೋ."

"ಮತ್ತೆ ಕೈ ಜಾರಿದ್ರೆ?"

ಅವಳು ಅವನ ಬಲಗೈ ಎತ್ತಿ, ಮಡಚದ ಆ ಎರಡು ಬೆರಳುಗಳಿಗೆ ಕೆನ್ನೆ ಒತ್ತಿದಳು. ಆಮೇಲೆ ಅವನ ಮುಂಗೈ ಹಿಡಿದಳು, ಅಣ್ಣ ಹಿಡಿದ ಹಾಗೆಯೇ.

"ಹೋದ ವರ್ಷ ಏನೋ ಕೇಳಬೇಕು ಅಂತಿದ್ದೆಯಲ್ಲ?"

"ಅದು... ಈಗಲೂ ಕೇಳಬಹುದಾ?"

"ಬೇಗ ಕೇಳು ಮಾರಾಯ. ಬೆಳಿಗ್ಗೆ ಬಸ್ಸು ಬರೋದ್ರೊಳಗೆ!"